ಕ್ಲೌಡ್ ನಿಜವಾಗಿ ಚೆನ್ನಾಗಿ ಮಾಡುವ ಕೆಲಸ ಯಾವುದು?

ಪ್ರಶ್ನೆ: ಎರಡು ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನಮ್ಮ ತಂಡದ ಎಲ್ಲ ಕೆಲಸವೂ ಕ್ಲೌಡ್‌ನಲ್ಲಿ, ಅಂದರೆ ನೆಟ್ ಮೂಲಕ ಬಾಡಿಗೆಗೆ ಸಿಗುವ ಕಂಪ್ಯೂಟರ್‌ಗಳಲ್ಲಿ, ಅಮೆಜಾನ್ ವೆಬ್ ಸರ್ವಿಸಸ್ ಮೇಲೆ ನಡೆಯುತ್ತದೆ. ಆದರೆ ಸುತ್ತಮುತ್ತ ಕೇಳಿಸುವುದು ಬರೀ ದೂರು. ಬಿಲ್ ಜಾಸ್ತಿ, ಒಮ್ಮೆ ಒಳಗೆ ಹೋದರೆ ಹೊರಗೆ ಬರುವುದು ಕಷ್ಟ, ಕ್ಲೌಡ್ ಅಂದರೆ ಬೇರೆಯವರ ಕಂಪ್ಯೂಟರ್ ಅಷ್ಟೇ, ಹೀಗೆ. ಹಾಗಾದರೆ ಅದು ನಿಜವಾಗಿ ಚೆನ್ನಾಗಿ ಮಾಡುವ ಕೆಲಸ ಯಾವುದು? ತಂಡಕ್ಕೆ ಹೊಸದಾಗಿ ಬಂದವರಿಗೆ ಅದನ್ನು ಹೇಗೆ ತೋರಿಸಲಿ?

ಉತ್ತರ: ಕ್ಲೌಡ್ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಬಿಲ್ ಇಳಿಸುವುದು ಹೇಗೆ ಅನ್ನುವುದೇ ಆಗಿರುತ್ತದೆ. ಅದರಲ್ಲಿ ಒಳ್ಳೆಯದು ಏನಿದೆ ಅಂತ ಕೇಳುವವರು ಅಪರೂಪ. ಹಾಗಾಗಿ ನಿಮ್ಮ ಪ್ರಶ್ನೆ ನೋಡಿ ಖುಷಿಯಾಯಿತು. ದೂರುಗಳು ಸುಳ್ಳಲ್ಲ. ಅವುಗಳ ಬಗ್ಗೆ ಆಮೇಲೆ ಹೇಳುತ್ತೇನೆ. ನನ್ನ ಉತ್ತರ ಇಷ್ಟೇ: ಕ್ಲೌಡ್ ನಮ್ಮ ಹೆದರಿಕೆ ಕಡಿಮೆ ಮಾಡಿತು. ನೀವು ಎರಡು ವರ್ಷದ ಹಿಂದೆ ಬಂದವರು. ಆ ಹೆದರಿಕೆ ನಿಮಗೆ ಪರಿಚಯ ಇಲ್ಲದಿರಬಹುದು. ಅದಕ್ಕೇ ಒಂದು ರಾತ್ರಿಯ ವಿಷಯ ಹೇಳಿ ಮುಂದೆ ಹೋಗುತ್ತೇನೆ.

ಕ್ಲೌಡ್ ಬರುವ ಮೊದಲು ನಾನು ಒಂದು ಚಿಕ್ಕ ಕಂಪನಿಯ ಸರ್ವರ್ ರೂಮ್ ನೋಡಿಕೊಳ್ಳುತ್ತಿದ್ದೆ. ಎಲ್ಲ ಗ್ರಾಹಕರ ಫೈಲುಗಳೂ ಒಂದೇ ಪೆಟ್ಟಿಗೆಯಲ್ಲಿ ಇದ್ದವು. ಒಳಗೆ ನಾಲ್ಕು ಡಿಸ್ಕ್, ರೇಡ್ 5 ಜೋಡಣೆ. ಅಂದರೆ ಒಂದು ಡಿಸ್ಕ್ ಕೆಟ್ಟರೆ ಉಳಿದ ಮೂರನ್ನು ಓದಿ, ಲೆಕ್ಕ ಹಾಕಿ, ಹೋದದ್ದನ್ನು ಮತ್ತೆ ಬರೆಯಬಹುದು. ಎರಡು ಕೆಟ್ಟರೆ ಮುಗೀತು. ಒಂದು ಶುಕ್ರವಾರ ಸಂಜೆ ಪೆಟ್ಟಿಗೆಯ ಮುಂದೆ ಕಿತ್ತಳೆ ಬಣ್ಣದ ದೀಪ ಹೊತ್ತಿಕೊಂಡಿತು. ಕೆಟ್ಟ ಡಿಸ್ಕ್ ಎಳೆದು ಹೊಸದನ್ನು ಒಳಗೆ ತಳ್ಳಿದೆ. ಪರದೆಯ ಮೇಲೆ ಶೇಕಡಾ ಸಂಖ್ಯೆ ಒಂದೊಂದಾಗಿ ಏರತೊಡಗಿತು. ಕುರ್ಚಿ ಎಳೆದುಕೊಂಡು ಅದರ ಮುಂದೆಯೇ ಕೂತೆ. ರಾತ್ರಿ ಎರಡು ಗಂಟೆಗೆ ಶೇ 61ಕ್ಕೆ ಬಂದು ನಿಂತುಬಿಟ್ಟಿತು. ಉಳಿದ ಮೂರರಲ್ಲಿ ಇನ್ನೊಂದು ಡಿಸ್ಕ್‌ನಲ್ಲಿ ಓದಲು ಬಾರದ ಜಾಗ ಸಿಕ್ಕಿತ್ತು. ಬ್ಯಾಕಪ್ ಟೇಪುಗಳು ಇದ್ದವು. ಆದರೆ ಸರಿಯಾಗಿ ಓದಲು ಬಂದ ಕೊನೆಯ ಟೇಪ್ ಹನ್ನೊಂದು ದಿನ ಹಳೆಯದು. ಹನ್ನೊಂದು ದಿನದ ಜನರ ಕೆಲಸ ಹೋಯಿತು. ಸೋಮವಾರ ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಿದ್ದು ಇವತ್ತಿಗೂ ನೆನಪಿದೆ.

ಅದು ಬರೀ ದುರದೃಷ್ಟ ಅಲ್ಲ ಅಂತ ಗೊತ್ತಾಗಿದ್ದು ಆಮೇಲೆ. ನಾಲ್ಕೂ ಡಿಸ್ಕ್ ಒಂದೇ ದಿನ ಕೊಂಡಿದ್ದು, ಒಂದೇ ವಯಸ್ಸು. ಒಂದು ಸವೆದಿದ್ದರೆ ಉಳಿದವೂ ಸವೆದಿರುತ್ತವೆ. ಸರಿಪಡಿಸುವ ಹೊತ್ತಿನಲ್ಲಿ ಮೂರೂ ಡಿಸ್ಕ್‌ಗಳ ಮೂಲೆ ಮೂಲೆಯನ್ನೂ ಓದಲೇಬೇಕು. ಯಾರೂ ತಿಂಗಳುಗಟ್ಟಲೆ ಮುಟ್ಟದ ಜಾಗದಲ್ಲಿ ಅಡಗಿದ್ದ ದೋಷ ಹೊರಗೆ ಬರುವುದು ಆಗಲೇ. ಜೊತೆಗೆ ಸಮಯದ ಲೆಕ್ಕ ಒಂದಿದೆ. ಇವತ್ತಿನ 8 ಟೆರಾಬೈಟ್ ಡಿಸ್ಕ್ ಒಂದಕ್ಕೆ ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ ಬರೆದರೂ ತುಂಬಲು ಸುಮಾರು 15 ಗಂಟೆ ಬೇಕು. ಆ 15 ಗಂಟೆ ನಿಮ್ಮ ಡೇಟಾ ಒಂದು ದಾರದ ಮೇಲೆ ತೂಗಾಡುತ್ತಿರುತ್ತದೆ.

ಈಗ ಅಮೆಜಾನ್ ಕ್ಲೌಡ್‌ನಲ್ಲಿ ಫೈಲ್ ಇಡುವ ಸೇವೆಯಾದ ಎಸ್3 ಕಡೆಗೆ ಬನ್ನಿ. ಅಮೆಜಾನ್ ಅದನ್ನು ಶುರು ಮಾಡಿದ್ದು 2006ರ ಮಾರ್ಚ್ 14ರಂದು. ಒಂದು ಫೈಲ್ ಕೊಡಿ, ಇಟ್ಟುಕೊಳ್ಳುತ್ತೇನೆ. ಕೇಳಿದಾಗ ವಾಪಸ್ ಕೊಡುತ್ತೇನೆ. ಮೂಲದಲ್ಲಿ ಇಷ್ಟೇ. ನೋಡಲು ಏನೂ ಇಲ್ಲದ ಸೇವೆ. ನನ್ನನ್ನು ಕೇಳಿದರೆ ಇಡೀ ಕ್ಲೌಡ್‌ನಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಟ್ಟಿದ ವಸ್ತು ಇದೇ.

ಅಲ್ಲಿಯೂ ಡಿಸ್ಕ್ ಕೆಡುತ್ತದೆ. ನಮ್ಮಲ್ಲಿಗಿಂತ ಜಾಸ್ತಿಯೇ ಕೆಡುತ್ತದೆ. ಹತ್ತು ಲಕ್ಷ ಡಿಸ್ಕ್ ಇದ್ದು, ವರ್ಷಕ್ಕೆ ನೂರಕ್ಕೆ ಒಂದು ಕೆಡುತ್ತದೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ಹತ್ತು ಸಾವಿರ ಆಯಿತು. ದಿನಕ್ಕೆ ಇಪ್ಪತ್ತೇಳು. ನನ್ನ ಪಾಲಿಗೆ ಶುಕ್ರವಾರ ಸಂಜೆ ಹೊತ್ತಿದ ಆ ದೀಪ ಒಂದು ದೊಡ್ಡ ಅವಘಡ. ದಿನಕ್ಕೆ ಇಪ್ಪತ್ತೇಳು ಸಲ ಹೊತ್ತುವ ಜಾಗದಲ್ಲಿ ಅದು ಕಸ ಗುಡಿಸುವಂಥ ದಿನದ ಕೆಲಸ. ದಿನದ ಕೆಲಸ ಆದ ಮೇಲೆ ಯಾರೂ ಎದ್ದು ಓಡುವುದಿಲ್ಲ. ಅದನ್ನು ಸಾಫ್ಟ್‌ವೇರ್ ಮಾಡುತ್ತದೆ. ಅಮೆಜಾನ್‌ನ ಮುಖ್ಯ ತಂತ್ರಜ್ಞ ವರ್ನರ್ ವೋಗಲ್ಸ್ ವರ್ಷಗಳಿಂದ ಹೇಳಿಕೊಂಡು ಬಂದ ಮಾತೊಂದಿದೆ: ಎಲ್ಲವೂ ಕೆಡುತ್ತದೆ, ಯಾವಾಗಲೂ ಕೆಡುತ್ತಿರುತ್ತದೆ. ಕೆಡುವುದನ್ನು ತಪ್ಪಿಸಲು ಹೊರಡದೆ, ಕೆಟ್ಟರೂ ನಡೆಯುವ ಹಾಗೆ ಕಟ್ಟುವುದು. 'ಬೇರೆಯವರ ಕಂಪ್ಯೂಟರ್ ಅಷ್ಟೇ' ಅನ್ನುವ ಮಾತಿಗೆ ನನ್ನ ಉತ್ತರವೂ ಇದೇ. ಕಂಪ್ಯೂಟರ್ ಬೇರೆಯವರದ್ದು, ನಿಜ. ಆದರೆ ಅದು ಕೆಟ್ಟಾಗ ರಾತ್ರಿ ಎರಡು ಗಂಟೆಗೆ ಅದರ ಮುಂದೆ ಕೂರುವ ಕೆಲಸವೂ ಬೇರೆಯವರದ್ದಾಯಿತು. ಆ ಕೆಲಸವನ್ನು ಅವರು ನಮಗಿಂತ ಎಷ್ಟೋ ಪಾಲು ಚೆನ್ನಾಗಿ ಮಾಡುತ್ತಾರೆ.

ಹೇಗೆ ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನನಗೆ ತುಂಬ ಇಷ್ಟವಾದ ಭಾಗ ಇದು.

7 ಮತ್ತು 5 ಅನ್ನುವ ಎರಡು ಅಂಕಿಗಳನ್ನು ಉಳಿಸಬೇಕು ಅಂದುಕೊಳ್ಳಿ. ಮೂರು ಡಿಸ್ಕ್ ತೆಗೆದುಕೊಳ್ಳಿ. ಒಂದರಲ್ಲಿ 7, ಇನ್ನೊಂದರಲ್ಲಿ 5, ಮೂರನೆಯದರಲ್ಲಿ ಎರಡರ ಮೊತ್ತ 12 ಬರೆಯಿರಿ. ಯಾವುದೇ ಒಂದು ಡಿಸ್ಕ್ ಹೋಗಲಿ, ಉಳಿದ ಎರಡರಿಂದ ಹೋದದ್ದನ್ನು ಹೇಳಬಹುದು. ಇದೇ ಉಪಾಯವನ್ನು ಇನ್ನೂ ಗಟ್ಟಿ ಗಣಿತದಿಂದ ಬೆಳೆಸಿದರೆ ಇರೇಷರ್ ಕೋಡಿಂಗ್ ಆಗುತ್ತದೆ. ಉದಾಹರಣೆಗೆ ಒಂದು ಫೈಲನ್ನು 5 ತುಂಡು ಮಾಡಿ, ಅವುಗಳಿಂದ ಲೆಕ್ಕ ಹಾಕಿದ ಇನ್ನೂ 4 ತುಂಡು ಸೇರಿಸಿ, 9 ಬೇರೆ ಬೇರೆ ಡಿಸ್ಕ್‌ಗಳಲ್ಲಿ ಇಡಬಹುದು. ಒಂಬತ್ತರಲ್ಲಿ ಯಾವ ಐದು ಉಳಿದರೂ ಫೈಲ್ ಪೂರ್ತಿ ಸಿಗುತ್ತದೆ. ಸುಮ್ನೆ ಮೂರು ಪ್ರತಿ ಇಟ್ಟರೆ ಮೂರು ಪಟ್ಟು ಜಾಗ ಬೇಕು, ತಡೆದುಕೊಳ್ಳುವುದು ಎರಡು ಡಿಸ್ಕ್ ಹೋದರೆ ಮಾತ್ರ. ಇಲ್ಲಿ 1.8 ಪಟ್ಟು ಜಾಗ ಸಾಕು, ನಾಲ್ಕು ಹೋದರೂ ಚಿಂತೆ ಇಲ್ಲ. ಎಸ್3 ಇದೇ ಬಗೆಯ ಉಪಾಯ ಬಳಸುತ್ತದೆ. ಇಲ್ಲಿ ಕೊಟ್ಟ ಅಂಕಿಗಳು ಅರ್ಥ ಆಗಲಿ ಅಂತ ನಾನು ಹಾಕಿಕೊಂಡವು.

ಗಣಿತ ಒಂದೇ ಸಾಲದು. ಕೆಟ್ಟದ್ದನ್ನು ಎಷ್ಟು ಬೇಗ ಸರಿಪಡಿಸುತ್ತೀರಿ ಅನ್ನುವುದೂ ಅಷ್ಟೇ ಮುಖ್ಯ. ನನ್ನ ಪೆಟ್ಟಿಗೆಯಲ್ಲಿ ಹೊಸ ಡಿಸ್ಕ್ ಒಂದೇ ಇತ್ತು. ಎಲ್ಲ ಡೇಟಾ ಅದರ ಕಿರಿದಾದ ಬಾಯಿಂದಲೇ ಒಳಗೆ ಹೋಗಬೇಕಿತ್ತು. ದೊಡ್ಡ ವ್ಯವಸ್ಥೆಯಲ್ಲಿ ಒಂದು ಡಿಸ್ಕ್‌ನಲ್ಲಿರುವ ಸಾವಿರಾರು ತುಂಡುಗಳ ಒಡಹುಟ್ಟುಗಳು ಸಾವಿರಾರು ಬೇರೆ ಡಿಸ್ಕ್‌ಗಳಲ್ಲಿ ಹರಡಿಕೊಂಡಿರುತ್ತವೆ. ಒಂದು ಕೆಟ್ಟರೆ ಅಷ್ಟೂ ಡಿಸ್ಕ್‌ಗಳು ಸ್ವಲ್ಪ ಸ್ವಲ್ಪ ಓದುತ್ತವೆ, ಬೇರೆ ಸಾವಿರಾರು ಡಿಸ್ಕ್‌ಗಳು ಸ್ವಲ್ಪ ಸ್ವಲ್ಪ ಬರೆದುಕೊಳ್ಳುತ್ತವೆ. ಹತ್ತು ಜನ ಸೇರಿ ಹೊರೆ ಎತ್ತಿದ ಹಾಗೆ. ದಾರದ ಮೇಲೆ ತೂಗಾಡುವ ಆ ಹೊತ್ತು ತೀರಾ ಚಿಕ್ಕದಾಗುತ್ತದೆ. ಇದರ ಜೊತೆಗೆ, ಯಾರೂ ಕೇಳದಿದ್ದರೂ ಇಟ್ಟ ಡೇಟಾವನ್ನು ಆಗಾಗ ಓದಿ, ಚೆಕ್‌ಸಮ್ (ಡೇಟಾದಿಂದ ಲೆಕ್ಕ ಹಾಕಿಟ್ಟ ಗುರುತಿನ ಸಂಖ್ಯೆ) ತಾಳೆ ನೋಡಿ, ಹಾಳಾದದ್ದು ಕಂಡರೆ ಸರಿಮಾಡುವ ಕೆಲಸವೂ ಹಿಂದೆ ನಡೆಯುತ್ತಲೇ ಇರುತ್ತದೆ. ನನ್ನ ಶೇ 61ರ ದೋಷ ಅಲ್ಲಿ ತಿಂಗಳುಗಟ್ಟಲೆ ಅಡಗಿ ಕೂರುವ ಹಾಗಿಲ್ಲ.

ಇಡೀ ಕಟ್ಟಡವೇ ಹೋದರೆ? ಅದಕ್ಕೇ ಅವೈಲಬಿಲಿಟಿ ಝೋನ್‌ಗಳು. ಒಂದು ಝೋನ್ ಅಂದರೆ ತನ್ನದೇ ವಿದ್ಯುತ್, ತನ್ನದೇ ನೆಟ್‌ವರ್ಕ್ ಇರುವ ಒಂದು ಅಥವಾ ಹೆಚ್ಚು ಡೇಟಾ ಸೆಂಟರ್. ಎಸ್3ಯ ಸಾಮಾನ್ಯ ದರ್ಜೆಯಲ್ಲಿ ಇಟ್ಟ ಫೈಲ್ ಕನಿಷ್ಠ ಮೂರು ಝೋನ್‌ಗಳಲ್ಲಿ ಹರಡಿರುತ್ತದೆ. ಒಂದು ರೀಜನ್‌ನ, ಅಂದರೆ ಒಂದು ಭೂಪ್ರದೇಶದ, ಝೋನ್‌ಗಳು ಒಂದರಿಂದೊಂದು ಕಿಲೋಮೀಟರ್‌ಗಳಷ್ಟು ದೂರ, ಆದರೆ 100 ಕಿಲೋಮೀಟರ್ ಒಳಗೇ ಇರುತ್ತವೆ. ಈ ದೂರವನ್ನು ಸುಮ್ನೆ ಆರಿಸಿದ್ದಲ್ಲ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. 100 ಕಿಲೋಮೀಟರ್ ಹೋಗಿ ಬರಲು ಒಂದು ಮಿಲಿಸೆಕೆಂಡ್. ಅಂದರೆ ಮೂರೂ ಕಡೆ ಬರೆದಾದ ಮೇಲೆಯೇ 'ಆಯಿತು' ಅಂತ ನಿಮಗೆ ಹೇಳಬಹುದು, ನಿಮಗೆ ತಡವಾದದ್ದು ಗೊತ್ತೂ ಆಗುವುದಿಲ್ಲ. ಒಂದೇ ಬೆಂಕಿಗೆ, ಒಂದೇ ನೆರೆಗೆ ಎಲ್ಲವೂ ಸಿಗದಷ್ಟು ದೂರ. ಕಾಯಿಸದಷ್ಟು ಹತ್ತಿರ. ಈ ಅಳತೆಯ ಬಗ್ಗೆ ಮೊದಲ ಸಲ ಯೋಚಿಸಿದಾಗ ನನಗೆ ಎದ್ದು ನಿಂತು ಚಪ್ಪಾಳೆ ಹೊಡೆಯಬೇಕು ಅನ್ನಿಸಿತ್ತು.

ಇದೆಲ್ಲ ಸೇರಿ ಎಸ್3 ಇಟ್ಟುಕೊಂಡ ಗುರಿ ವರ್ಷಕ್ಕೆ 99.999999999 ಶೇಕಡಾ ಉಳಿವು. ಹನ್ನೊಂದು ಒಂಬತ್ತುಗಳು. ಒಂದು ಕೋಟಿ ಫೈಲ್ ಇಟ್ಟರೆ, ಸರಾಸರಿ ಹತ್ತು ಸಾವಿರ ವರ್ಷಕ್ಕೆ ಒಂದು ಹೋಗಬಹುದು ಅನ್ನುವ ಲೆಕ್ಕ. ಇದು ವಿನ್ಯಾಸದ ಗುರಿ. ಅಳೆದು ನೋಡಿದ ಫಲಿತಾಂಶ ಅಂತ ಓದಿಕೊಳ್ಳಬೇಡಿ. ಆದರೂ 2021ರ ಮಾರ್ಚ್‌ಗೆ ಅಲ್ಲಿ 100 ಟ್ರಿಲಿಯನ್‌ಗಿಂತ ಜಾಸ್ತಿ ಫೈಲ್ ಇದ್ದವು. ನಮ್ಮ ಲೆಕ್ಕದಲ್ಲಿ ಒಂದು ಕೋಟಿ ಕೋಟಿ. ಅಷ್ಟು ಇಟ್ಟುಕೊಂಡು ಈ ಗುರಿ ಹಿಡಿದು ಕೆಲಸ ಮಾಡುವುದು ಸಣ್ಣ ಮಾತಲ್ಲ.

ಇನ್ನೊಂದು ವಿಷಯ ಹೊಸಬರಿಗೆ ಗೊತ್ತಿರುವುದಿಲ್ಲ. ಮೊದಲೆಲ್ಲ ಎಸ್3ಯಲ್ಲಿ ಒಂದು ಫೈಲ್ ಮೇಲೆ ಹೊಸದನ್ನು ಬರೆದು ತಕ್ಷಣ ಓದಿದರೆ ಹಳೆಯದೇ ಬರಬಹುದಿತ್ತು. ಪಟ್ಟಿ ಕೇಳಿದರೆ ಈಗಷ್ಟೇ ಇಟ್ಟ ಫೈಲ್ ಅದರಲ್ಲಿ ಇಲ್ಲದಿರಬಹುದಿತ್ತು. ಇದಕ್ಕೆ ಸುತ್ತುದಾರಿ ಕಟ್ಟಲು ಜನ ಎಷ್ಟು ಕಷ್ಟಪಟ್ಟರು ಗೊತ್ತಾ? ದೊಡ್ಡ ಡೇಟಾದ ಕೆಲಸವನ್ನು ಹಲವು ಮೆಷಿನ್‌ಗಳಿಗೆ ಹಂಚುವ ಹಡೂಪ್ ಸಾಫ್ಟ್‌ವೇರ್ ಜೊತೆ ಎಸ್3ಗಾರ್ಡ್ ಅನ್ನುವ ಒಂದು ಪದರವೇ ಹುಟ್ಟಿತು. 2020ರ ಡಿಸೆಂಬರ್‌ನಲ್ಲಿ ಅಮೆಜಾನ್ ಇದನ್ನು ಸರಿಮಾಡಿತು. ಬರೆದ ತಕ್ಷಣ ಓದಿದರೆ ಹೊಸದೇ ಬರುತ್ತದೆ. ಎಲ್ಲರಿಗೂ, ಎಲ್ಲ ರೀಜನ್‌ನಲ್ಲೂ, ಜಾಸ್ತಿ ಹಣ ಇಲ್ಲದೆ. ಯಾರೂ ತಮ್ಮ ಕೋಡ್‌ನ ಒಂದು ಸಾಲೂ ಬದಲಿಸಬೇಕಾಗಲಿಲ್ಲ. ಓಡುವ ಬಂಡಿಯ ಚಕ್ರವನ್ನು, ಒಳಗೆ ಕೂತವರಿಗೆ ಗೊತ್ತಾಗದ ಹಾಗೆ ಬದಲಿಸಿದ್ದು ಅದು.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಎಸ್3 ಡಿಸ್ಕ್ ಕೆಡುವುದರಿಂದ ಕಾಪಾಡುತ್ತದೆ. ನಮ್ಮ ಕೈಯಿಂದ ಕಾಪಾಡುವುದಿಲ್ಲ. ಅಳಿಸು ಅಂದರೆ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ. ಅದಕ್ಕೆ ವರ್ಷನಿಂಗ್, ಅಂದರೆ ಹಳೆಯ ಪ್ರತಿಗಳನ್ನೂ ಉಳಿಸಿಕೊಳ್ಳುವುದು, ಅಂತ ಒಂದು ಆಯ್ಕೆ ಇದೆ, ಮುಖ್ಯವಾದ ಬಕೆಟ್‌ಗಳಲ್ಲಿ (ಎಸ್3ಯಲ್ಲಿ ಫೈಲ್ ಇಡುವ ಡಬ್ಬಗಳು) ಅದನ್ನು ಆನ್ ಮಾಡಿ ಇಡಿ. ಇವತ್ತೇ ನೋಡಿ, ನಾಳೆಗೆ ಬಿಡಬೇಡಿ.

ಡೇಟಾ ಬಗ್ಗೆ ಇಷ್ಟು ಸಾಕು. ಇನ್ನು ಮೆಷಿನ್‌ಗಳ ವಿಷಯ.

ಕ್ಲೌಡ್‌ನ ದೊಡ್ಡ ಗುಣ ಬೇಕಾದಾಗ ಬೇಕಾದಷ್ಟು ಸಿಗುವುದು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದು ಅನ್ನಿಸುವುದು ವಾಪಸ್ ಕೊಡಲು ಬರುತ್ತದೆ ಅನ್ನುವುದು. ಹಿಂದೆ ಹೊಸ ಸರ್ವರ್ ಬೇಕು ಅಂದರೆ ಮೊದಲು ಊಹೆ ಮಾಡಬೇಕಿತ್ತು. ಮೂರು ವರ್ಷ ಆದ ಮೇಲೆ ಎಷ್ಟು ಜನ ಬಳಸುತ್ತಾರೆ? ಕಡಿಮೆ ಕೊಂಡರೆ ಹಬ್ಬದ ದಿನ ಸೈಟ್ ಬೀಳುತ್ತದೆ. ಜಾಸ್ತಿ ಕೊಂಡರೆ ಮೂರು ವರ್ಷ ಅದು ಬೆಚ್ಚಗೆ ಖಾಲಿ ಕೂರುತ್ತದೆ, ಮೇಲಿನವರ ಪ್ರಶ್ನೆಗೆ ನಾವು ಉತ್ತರ ಕೊಡುತ್ತಿರಬೇಕು. ಎರಡೂ ಕಡೆ ಹೆದರಿಕೆ. ಆದ್ದರಿಂದ ಯಾರೂ ಹೊಸದೇನನ್ನೂ ಮಾಡಿ ನೋಡುತ್ತಿರಲಿಲ್ಲ.

2006ರ ಆಗಸ್ಟ್‌ನಲ್ಲಿ ಮೆಷಿನ್ ಬಾಡಿಗೆಗೆ ಕೊಡುವ ಅಮೆಜಾನ್ ಸೇವೆ ಇಸಿ2 ಬಂದಾಗ ಒಂದು ಮೆಷಿನ್‌ಗೆ ಗಂಟೆಗೆ 10 ಸೆಂಟ್. ಮೆಷಿನ್ ಏನೂ ದೊಡ್ಡದಲ್ಲ, 1.75 ಗಿಗಾಬೈಟ್ ಮೆಮೊರಿ. ಆದರೆ ಆ ಬೆಲೆಯ ಒಳಗೆ ಒಂದು ವಿಚಿತ್ರ ಲೆಕ್ಕ ಅಡಗಿತ್ತು. ಒಂದು ಮೆಷಿನ್ ಸಾವಿರ ಗಂಟೆ ಓಡಿದರೂ, ಸಾವಿರ ಮೆಷಿನ್ ಒಂದು ಗಂಟೆ ಓಡಿದರೂ ಬಿಲ್ ಒಂದೇ! ಹಂಚಿ ಮಾಡಬಹುದಾದ ಕೆಲಸ ಆಗಿದ್ದರೆ, ನಲವತ್ತು ದಿನದ ಕೆಲಸವನ್ನು ಅದೇ ದುಡ್ಡಿಗೆ ಒಂದು ಗಂಟೆಯಲ್ಲಿ ಮುಗಿಸಬಹುದು. ಕಂಪ್ಯೂಟರ್ ಇತಿಹಾಸದಲ್ಲಿ ಇದು ಮೊದಲು ಸಾಮಾನ್ಯ ಜನರ ಕೈಗೆ ಸಿಕ್ಕಿರಲಿಲ್ಲ.

ಇದನ್ನು ಬೇಗ ಹಿಡಿದುಕೊಂಡವರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯವರೂ ಒಬ್ಬರು. 2007ರಲ್ಲಿ ಅವರ ಬಳಿ ಹಳೆಯ ಲೇಖನಗಳ ಸ್ಕ್ಯಾನ್ ಚಿತ್ರಗಳು ಸುಮಾರು 4 ಟೆರಾಬೈಟ್ ಇದ್ದವು. ಅವುಗಳಿಂದ 1 ಕೋಟಿ 10 ಲಕ್ಷ ಲೇಖನಗಳ ಪಿಡಿಎಫ್ ಮಾಡಬೇಕಿತ್ತು. ಚಿತ್ರಗಳನ್ನು ಎಸ್3ಗೆ ಹಾಕಿ, ಇಸಿ2ನಲ್ಲಿ 100 ಮೆಷಿನ್ ತೆಗೆದುಕೊಂಡು, ಹಡೂಪ್ ಬಳಸಿ, 24 ಗಂಟೆಯೊಳಗೆ ಮುಗಿಸಿದರು. 100 ಮೆಷಿನ್, 24 ಗಂಟೆ, ಗಂಟೆಗೆ 10 ಸೆಂಟ್. ಗುಣಿಸಿ ನೋಡಿ, 240 ಡಾಲರ್. ಆಮೇಲೆ ನೂರು ಮೆಷಿನ್‌ಗಳನ್ನೂ ವಾಪಸ್ ಕೊಟ್ಟರು. ಇದೇ ಕೆಲಸಕ್ಕೆ 100 ಸರ್ವರ್ ಕೊಳ್ಳೋಣ ಅಂತ ಕಡತ ಬರೆದಿದ್ದರೆ ಯಾರಾದರೂ ಸಹಿ ಹಾಕುತ್ತಿದ್ದರಾ? ಆ ಕೆಲಸ ಯೋಚನೆಯಲ್ಲೇ ಸಾಯುತ್ತಿತ್ತು, ಅಲ್ವಾ?

ಅಲ್ಲಿಂದ ಮುಂದೆ ಅಳತೆ ಸಣ್ಣದಾಗುತ್ತಲೇ ಹೋಯಿತು. 2017ರ ಅಕ್ಟೋಬರ್‌ನಿಂದ ಲಿನಕ್ಸ್ ಮೆಷಿನ್‌ಗಳಿಗೆ ಗಂಟೆಯ ಬದಲು ಸೆಕೆಂಡಿನ ಲೆಕ್ಕ, ಕನಿಷ್ಠ ಒಂದು ನಿಮಿಷ. 2014ರಲ್ಲಿ ಬಂದ ಲ್ಯಾಂಬ್ಡಾ, ಅಂದರೆ ಮೆಷಿನ್ ಹಿಡಿಯದೆ ಬರೀ ಕೋಡ್ ತುಣುಕು (ಫಂಕ್ಷನ್) ಓಡಿಸುವ ಸೇವೆ, ಇನ್ನೂ ಮುಂದೆ ಹೋಯಿತು. ನಿಮ್ಮ ಫಂಕ್ಷನ್ ಓಡಿದಷ್ಟು ಹೊತ್ತಿಗೆ ಮಾತ್ರ ದುಡ್ಡು, 2020ರ ಡಿಸೆಂಬರ್‌ನಿಂದ ಅದೂ ಒಂದೊಂದು ಮಿಲಿಸೆಕೆಂಡ್ ಲೆಕ್ಕದಲ್ಲಿ. ಯಾರೂ ಕರೆಯದಿದ್ದರೆ ಏನೂ ಇಲ್ಲ. ಇದರ ಕೆಳಗೆ ಇರುವ ಫೈರ್‌ಕ್ರ್ಯಾಕರ್ ಅನ್ನುವ ಸಾಫ್ಟ್‌ವೇರ್ ಬಗ್ಗೆ ಬಿಡುವಾದಾಗ ಓದಿ. 2018ರಲ್ಲಿ ಅದನ್ನು ಓಪನ್ ಸೋರ್ಸ್ ಮಾಡಿದರು. ರಸ್ಟ್ ಭಾಷೆಯಲ್ಲಿ ಬರೆದದ್ದು. ಒಂದು ಪುಟ್ಟ ವರ್ಚುವಲ್ ಮೆಷಿನ್ (ನಿಜವಾದ ಯಂತ್ರದೊಳಗೆ ಸಾಫ್ಟ್‌ವೇರ್ ಕಟ್ಟುವ ಯಂತ್ರ) ಅನ್ನು ಸುಮಾರು 125 ಮಿಲಿಸೆಕೆಂಡ್‌ನಲ್ಲಿ ಎಬ್ಬಿಸುತ್ತದೆ, ಒಂದೊಂದಕ್ಕೆ ತನ್ನ ಖರ್ಚು ಅಂತ ತಿನ್ನುವ ಮೆಮೊರಿ 5 ಮೆಗಾಬೈಟ್ ಒಳಗೆ. ಒಬ್ಬರ ಕೋಡ್ ಇನ್ನೊಬ್ಬರದ್ದನ್ನು ಮುಟ್ಟದಂತೆ ವರ್ಚುವಲ್ ಮೆಷಿನ್‌ನ ಗೋಡೆ ಬೇಕು, ಆದರೆ ಅದರ ಭಾರ ಬೇಡ. ಎರಡನ್ನೂ ಒಟ್ಟಿಗೆ ಕೊಟ್ಟಿದ್ದಾರೆ. ಒಳ್ಳೆಯ ಎಂಜಿನಿಯರಿಂಗ್ ಅಂದರೆ ನನ್ನ ಮಟ್ಟಿಗೆ ಇದು.

ವಾಪಸ್ ಕೊಡಬಹುದು ಅಂತಾದ ಮೇಲೆ ನಾವು ಮೆಷಿನ್ ನೋಡುವ ರೀತಿಯೂ ಬದಲಾಯಿತು. ಹಳೆಯ ಸರ್ವರ್ ರೂಮ್‌ನಲ್ಲಿ ಯಾರೂ ಮುಟ್ಟದ ಒಂದು ಮೆಷಿನ್ ಇರುತ್ತಿತ್ತು. ಅದರ ಮೇಲೆ ಏನೇನು ಹಾಕಿದ್ದಾರೆ ಅಂತ ಬಲ್ಲವರು ಕೆಲಸ ಬಿಟ್ಟು ಹೋಗಿರುತ್ತಿದ್ದರು. ಮುಟ್ಟಿದರೆ ಮತ್ತೆ ಏಳುತ್ತದೋ ಇಲ್ಲವೋ ಅನ್ನುವ ಹೆದರಿಕೆ. ಈಗ ಇಡೀ ಜೋಡಣೆಯನ್ನು ಒಂದು ಫೈಲ್‌ನಲ್ಲಿ ಬರೆದಿಡುತ್ತೇವೆ. ಅಮೆಜಾನ್‌ನ ಕ್ಲೌಡ್‌ಫಾರ್ಮೇಷನ್ 2011ರಿಂದ ಇದೆ. ನಿಮ್ಮ ತಂಡದವರು ಅಂಥದ್ದೇ ಇನ್ನೊಂದು ಉಪಕರಣ ಟೆರಾಫಾರ್ಮ್ ಬಳಸುತ್ತಿರಬಹುದು. ಅದೇ ಫೈಲ್ ಓಡಿಸಿದರೆ ಅದೇ ಜೋಡಣೆ ಇನ್ನೊಮ್ಮೆ ಎದ್ದು ನಿಲ್ಲುತ್ತದೆ. ಬೆಳಿಗ್ಗೆ ಎಬ್ಬಿಸಿ, ಒಡೆದು ನೋಡಿ, ಸಂಜೆ ಅಳಿಸಿಬಿಡಬಹುದು. ಹೊಸಬರಿಗೆ ಧೈರ್ಯವಾಗಿ 'ಮಾಡಿ ನೋಡು' ಅಂತ ಹೇಳಬಹುದಾದದ್ದು ಇದರಿಂದಲೇ.

ಭದ್ರತೆ ಬಗ್ಗೆ ಚಿಕ್ಕದಾಗಿ. ಮೆಷಿನ್‌ಗೆ ಪಾಸ್‌ವರ್ಡ್ ಬದಲು ಒಂದು ರೋಲ್, ಅಂದರೆ ಏನೇನು ಮಾಡಬಹುದು ಅನ್ನುವ ಅನುಮತಿ, ಕೊಡುವ ಪದ್ಧತಿ ನನಗೆ ತುಂಬ ಇಷ್ಟ. ಮೆಷಿನ್ ಕೈಗೆ ಬರುವ ಕೀಲಿ ಕೆಲವು ಗಂಟೆಗಳಲ್ಲಿ ತಾನೇ ಸತ್ತು ಹೋಗುತ್ತದೆ, ಹೊಸದು ಬರುತ್ತದೆ. ಕೋಡ್‌ನಲ್ಲಿ ಬರೆದಿಟ್ಟು ಮರೆತುಬಿಡುವ ಪಾಸ್‌ವರ್ಡ್ ಇರುವುದೇ ಇಲ್ಲ. ಆದರೆ ಎಲ್ಲವೂ ಮೊದಲಿಂದ ಚೆನ್ನಾಗಿತ್ತು ಅಂತ ಹೇಳಲಾರೆ. ತಪ್ಪಿ ಎಲ್ಲರಿಗೂ ತೆರೆದಿಟ್ಟ ಬಕೆಟ್‌ಗಳಿಂದ ಎಷ್ಟೋ ಡೇಟಾ ವರ್ಷಗಟ್ಟಲೆ ಸೋರಿತು. ಹೊಸ ಬಕೆಟ್‌ಗಳು ತಾವಾಗಿಯೇ ಮುಚ್ಚಿಕೊಂಡು ಹುಟ್ಟುವಂತೆ ಮಾಡಿದ್ದು 2023ರ ಏಪ್ರಿಲ್‌ನಲ್ಲಿ. ಅದೇ ವರ್ಷದ ಜನವರಿಯಿಂದ ಹೊಸದಾಗಿ ಇಡುವ ಫೈಲುಗಳೆಲ್ಲ ತಾವಾಗಿಯೇ ಎನ್‌ಕ್ರಿಪ್ಟ್ ಆಗುತ್ತವೆ. ತಡವಾಯಿತು ಅಂತಲೇ ನನ್ನ ಅಭಿಪ್ರಾಯ. ಆದರೂ ಮಾಡಿದ್ದು ಸರಿಯಾದ ಕೆಲಸ.

ಬಿದ್ದಾಗ ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದರಲ್ಲೂ ಕಲಿಯಲು ಬೇಕಾದಷ್ಟಿದೆ. 2017ರ ಫೆಬ್ರವರಿ 28ರಂದು ಅಮೆರಿಕದ ವರ್ಜೀನಿಯಾ ರೀಜನ್‌ನಲ್ಲಿ ಎಸ್3 ಸುಮಾರು ನಾಲ್ಕು ಗಂಟೆ ನಿಂತುಹೋಯಿತು. ಒಂದಷ್ಟು ದಿನದಲ್ಲೇ ಕಾರಣ ಬರೆದು ಎಲ್ಲರ ಮುಂದೆ ಇಟ್ಟರು. ಎಂಜಿನಿಯರ್ ಒಬ್ಬರು ಕೆಲವೇ ಸರ್ವರ್ ತೆಗೆಯಲು ಕಮಾಂಡ್ ಕೊಟ್ಟಿದ್ದರು. ಅದರಲ್ಲಿ ಒಂದು ಅಂಶ ತಪ್ಪಾಗಿ ಟೈಪ್ ಆಗಿತ್ತು, ಬೇಕಾದ್ದಕ್ಕಿಂತ ತುಂಬ ಜಾಸ್ತಿ ಸರ್ವರ್ ಹೊರಬಿದ್ದವು. ಯಾವ ಫೈಲ್ ಎಲ್ಲಿದೆ ಅಂತ ನೆನಪಿಡುವ ಭಾಗವನ್ನು ಪೂರ್ತಿ ಮತ್ತೆ ಶುರು ಮಾಡಬೇಕಾಯಿತು, ವರ್ಷಗಳಿಂದ ಅದನ್ನು ಹಾಗೆ ಮಾಡಿರಲಿಲ್ಲ. ಸೇವೆಯ ಸ್ಥಿತಿ ತೋರಿಸುವ ಪುಟವೇ ಎಸ್3 ಮೇಲೆ ನಿಂತಿದ್ದರಿಂದ ಅದನ್ನೂ ಬದಲಿಸಲಾಗಲಿಲ್ಲ ಅಂತ ಅವರೇ ಬರೆದರು. ಅದರಲ್ಲಿ ಆ ಎಂಜಿನಿಯರ್ ಹೆಸರಿಲ್ಲ, ಬೈಗುಳ ಇಲ್ಲ. ಸರಿಮಾಡಿದ್ದು ಉಪಕರಣವನ್ನು. ಇನ್ನು ಮುಂದೆ ಅದು ನಿಧಾನವಾಗಿಯೇ ಸರ್ವರ್ ತೆಗೆಯುತ್ತದೆ, ಒಂದು ಮಿತಿಗಿಂತ ಕೆಳಗೆ ಹೋಗಲು ಬಿಡುವುದಿಲ್ಲ. ಆ ಬರಹವನ್ನು ನಿಮ್ಮ ತಂಡದವರೆಲ್ಲ ಒಟ್ಟಿಗೆ ಕೂತು ಓದಿ. ತಪ್ಪಾದಾಗ ಯಾರು ಅಂತ ಹುಡುಕುವ ಬದಲು ಏನು ಅಂತ ಹುಡುಕುವುದು ಹೇಗಿರುತ್ತದೆ ಅಂತ ಗೊತ್ತಾಗುತ್ತದೆ. ಆ ಶುಕ್ರವಾರದ ಮಾರನೆಯ ವಾರ ನನಗೂ ಅಂಥ ಒಂದು ಕಾಗದ ಬೇಕಿತ್ತು.

ನಿಮ್ಮ ಕೆಲಸ ಅಮೆಜಾನ್ ಮೇಲೆ ಇರುವುದರಿಂದ ಅದನ್ನೇ ಹಿಡಿದು ಹೇಳಿದೆ. ಬೇರೆಯವರಲ್ಲೂ ಮೆಚ್ಚುವಂಥದ್ದು ಇದೆ. ಗೂಗಲ್ ಕ್ಲೌಡ್‌ನಲ್ಲಿ ಓಡುತ್ತಿರುವ ವರ್ಚುವಲ್ ಮೆಷಿನ್ ಅನ್ನು ನಿಲ್ಲಿಸದೆಯೇ ಒಂದು ಯಂತ್ರದಿಂದ ಇನ್ನೊಂದಕ್ಕೆ ಎತ್ತಿಡುತ್ತಾರೆ. ಕೆಳಗಿನ ಯಂತ್ರ ರಿಪೇರಿಗೆ ಹೋದದ್ದು ಮೇಲಿನವರಿಗೆ ಗೊತ್ತೇ ಆಗುವುದಿಲ್ಲ. ಅವರ ಸ್ಪ್ಯಾನರ್ ಡೇಟಾಬೇಸ್ ಜಿಪಿಎಸ್ ಮತ್ತು ಪರಮಾಣು ಗಡಿಯಾರ ಇಟ್ಟುಕೊಂಡು ಖಂಡಗಳ ಆಚೆಗೂ ಯಾವುದು ಮೊದಲು, ಯಾವುದು ಆಮೇಲೆ ಅಂತ ತೀರ್ಮಾನಿಸುತ್ತದೆ. ಅದರ ಬಗ್ಗೆ ಇನ್ನೊಮ್ಮೆ ಕೇಳಿ, ಒಂದು ಪೂರ್ತಿ ಉತ್ತರವೇ ಬೇಕು.

ದೂರುಗಳ ವಿಷಯಕ್ಕೆ ಬರುತ್ತೇನೆ ಅಂದಿದ್ದೆ. ಬಿಲ್ ಓದಲು ಕಷ್ಟ, ನಿಜ. ಡೇಟಾ ಹೊರಗೆ ಕಳಿಸಲು ತೆಗೆದುಕೊಳ್ಳುವ ದುಡ್ಡು ಜಾಸ್ತಿ, ಅದೂ ನಿಜ. ವರ್ಷವಿಡೀ ಒಂದೇ ಸಮ ಓಡುವ ಕೆಲಸ ಇದ್ದು, ಅದನ್ನು ನೋಡಿಕೊಳ್ಳುವ ಜನವೂ ಇದ್ದರೆ ಸ್ವಂತ ಮೆಷಿನ್ ಅಗ್ಗ ಆಗಬಹುದು. ಏರಿಳಿತ ಇರುವವರಿಗೆ, ಚಿಕ್ಕ ತಂಡಗಳಿಗೆ, ಹೊಸದನ್ನು ಮಾಡಿ ನೋಡುವವರಿಗೆ ಕ್ಲೌಡ್ ಚೆನ್ನ. ಇನ್ನೂರಕ್ಕೂ ಹೆಚ್ಚು ಸೇವೆಗಳಿವೆ, ಎಲ್ಲವೂ ಎಸ್3ಯಷ್ಟು ಚೆನ್ನಾಗಿಲ್ಲ. ನಿಮಗೆ ದಿನಾ ಬೇಕಾಗುವುದು ಹತ್ತೋ ಹದಿನೈದೋ. ಅವುಗಳನ್ನು ಚೆನ್ನಾಗಿ ಕಲಿಯಿರಿ.

ಹೊಸಬರಿಗೆ ತೋರಿಸುವುದು ಹೇಗೆ ಅಂತ ಕೇಳಿದ್ದೀರಿ. ಸ್ಲೈಡ್ ಮಾಡಬೇಡಿ. ಒಂದು ಮಧ್ಯಾಹ್ನ ಬಿಡುವು ಮಾಡಿಕೊಳ್ಳಿ. ಟೆಸ್ಟ್ ಅಕೌಂಟ್‌ನಲ್ಲಿ ಮೂರು ಪುಟ್ಟ ಮೆಷಿನ್‌ಗಳ ಆಟೋ ಸ್ಕೇಲಿಂಗ್ ಗುಂಪು (ಮೆಷಿನ್ ಎಣಿಕೆಯನ್ನು ತಾನೇ ಕಾಯ್ದುಕೊಳ್ಳುವ ಗುಂಪು) ಮಾಡಿ, ಮೂರು ಝೋನ್‌ಗೆ ಒಂದೊಂದು. ಮುಂದೆ ಬಂದ ಕೋರಿಕೆಗಳನ್ನು ಮೆಷಿನ್‌ಗಳಿಗೆ ಹಂಚುವ ಒಂದು ಲೋಡ್ ಬ್ಯಾಲೆನ್ಸರ್ ಇಡಿ. ಪ್ರತಿ ಮೆಷಿನ್ ತನ್ನ ಹೆಸರನ್ನು ತೋರಿಸುವ ಒಂದು ಸಾಲಿನ ಪುಟ ಕೊಡಲಿ. ಪುಟವನ್ನು ಮತ್ತೆ ಮತ್ತೆ ತೆರೆದರೆ ಮೂರು ಹೆಸರು ಬದಲಾಗಿ ಬರುತ್ತಿರುತ್ತವೆ. ಈಗ ಹೊಸಬರ ಕೈಗೇ ಮೌಸ್ ಕೊಡಿ, ಒಂದು ಮೆಷಿನ್ ಸಾಯಿಸಲು ಹೇಳಿ. ಮೊದಲ ಸಲ ಕೈ ತಡೆಯುತ್ತದೆ. ಪರವಾಗಿಲ್ಲ, ಒತ್ತು ಅನ್ನಿ. ಪುಟ ಬರುತ್ತಲೇ ಇರುತ್ತದೆ, ಹೆಸರು ಮಾತ್ರ ಎರಡೇ. ಕೆಲವು ನಿಮಿಷ ಕಾಯಿರಿ. ಯಾರೂ ಏನೂ ಮಾಡದೆ ಮೂರನೆಯ, ಹೊಸ ಹೆಸರೊಂದು ಬಂದು ಸೇರಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಅವರ ಮುಖ ನೋಡಿ.

ಆಮೇಲೆ ಒಂದು ಬಕೆಟ್ ಮಾಡಿ ವರ್ಷನಿಂಗ್ ಆನ್ ಮಾಡಿ. ಒಂದು ಫೈಲ್ ಹಾಕಿ. ಅದೇ ಹೆಸರಲ್ಲಿ ತಪ್ಪು ಫೈಲ್ ಹಾಕಿ. ಅದನ್ನೂ ಅಳಿಸಿ. ಈಗ ಮೊದಲನೆಯದನ್ನು ವಾಪಸ್ ತರಲು ಹೇಳಿ. ಅಳಿಸಿದ್ದು ಅನ್ನುವುದು ಒಂದು ಗುರುತು ಮಾತ್ರ, ಕೆಳಗೆ ಎರಡೂ ಹಾಗೇ ಇವೆ ಅಂತ ಅವರೇ ಕಂಡುಕೊಳ್ಳುತ್ತಾರೆ.

ಕೊನೆಗೆ ಎಲ್ಲವನ್ನೂ ಅಳಿಸಿ, ಲೋಡ್ ಬ್ಯಾಲೆನ್ಸರ್ ಮರೆಯಬೇಡಿ, ಅದು ಸುಮ್ಮನಿದ್ದರೂ ಗಂಟೆ ಲೆಕ್ಕದಲ್ಲಿ ದುಡ್ಡು ತಗೊಳ್ಳುತ್ತದೆ. ಗುಂಪನ್ನು ಅಳಿಸದೆ ಬರೀ ಮೆಷಿನ್ ಅಳಿಸಿದರೆ ಅವು ಮತ್ತೆ ಮತ್ತೆ ಹುಟ್ಟುತ್ತವೆ, ಅದನ್ನೂ ಒಮ್ಮೆ ಮಾಡಿ ತೋರಿಸಿ. ಬಕೆಟ್ ಮಾತ್ರ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಒಳಗೆ ಒಂದೇ ಒಂದು ಹಳೆಯ ವರ್ಷನ್ ಉಳಿದಿದ್ದರೂ ಖಾಲಿ ಇಲ್ಲ ಅಂತ ಹೇಳಿ ನಿಲ್ಲಿಸುತ್ತದೆ. ಅವನ್ನೆಲ್ಲ ಅಳಿಸಿದ ಮೇಲೆಯೇ ಬಿಡುತ್ತದೆ.